ಬಿಸಿ ರೊಟ್ಟಿ, ಖಡಕ್ ರೊಟ್ಟಿ ಮತ್ತು ನಮ್ಮ ಬಂಡೆಗಳು

ಕೊಪ್ಪಳದ ಕಾಲೇಜೊಂದರಲ್ಲಿ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ ಇದು. ಅವತ್ತು ಸಮಯ ಸಾಲದೆ ಬಿಟ್ಟ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇವತ್ತು ಎರಡು ರೊಟ್ಟಿ ತಂದಿದ್ದೇನೆ. ಎರಡೂ ಜೋಳದ್ದೇ. ಒಂದೇ ಹಿಟ್ಟು, ಬಡಿದ ಕೈಯೂ ಒಂದೇ. ಒಂದನ್ನು ಮನೆ ಬಿಡುವ ಮುಂಚೆ ಹಂಚಿನಿಂದ ಇಳಿಸಿ ಬಟ್ಟೆಯಲ್ಲಿ ಸುತ್ತಿಕೊಂಡು ಬಂದೆ. ಇನ್ನೊಂದು ನಾಲ್ಕು ದಿನದ ಹಿಂದಿನ ಖಡಕ್ ರೊಟ್ಟಿ. ಬಿಸಿ ರೊಟ್ಟಿಯನ್ನು ನೋಡಿ, ಹೀಗೆ ಮಡಚುತ್ತೇನೆ. ನಾಲ್ಕು ಮಡಿಕೆ ಆಯಿತು, ಎಲ್ಲೂ ಹರಿಯಲಿಲ್ಲ. ಈಗ ಖಡಕ್ ರೊಟ್ಟಿ. ಚಟ್ ಅಂತ ಎರಡಾಯಿತು.

ಹಾಗಾದರೆ ಜೋಳದ ರೊಟ್ಟಿ ಬಾಗುವಂಥದ್ದೋ, ಮುರಿಯುವಂಥದ್ದೋ? ಈ ಪ್ರಶ್ನೆಗೆ ನೇರ ಉತ್ತರ ಇಲ್ಲ. ಬಿಸಿ ಎಷ್ಟಿದೆ, ಪಸೆ ಎಷ್ಟಿದೆ, ನಾನು ಎಷ್ಟು ನಿಧಾನವಾಗಿ ಮಡಚುತ್ತೇನೆ ಅನ್ನುವುದು ಗೊತ್ತಿಲ್ಲದೆ ಏನೂ ಹೇಳಲಾಗದು. ಬಂಡೆಯ ಕಥೆಯೂ ಇದೇ. ನಾವು ಬಂಡೆಯನ್ನು ನೆಲದ ಮೇಲೆ, ತಣ್ಣಗೆ, ಒಣಗಿ ಕೂತಾಗ ಮಾತ್ರ ನೋಡಿದ್ದೇವೆ. ಹಾಗಾಗಿ ಕಲ್ಲು ಅಂದರೆ ಗಟ್ಟಿ, ಬಾಗದು ಅಂತ ಗಾದೆಯ ಹಾಗೆ ಹೇಳಿಬಿಡುತ್ತೇವೆ. ಅದು ಕಲ್ಲಿನ ಬದುಕಿನ ಒಂದು ಹೊತ್ತು ಅಷ್ಟೇ. ಅದೇ ಕಲ್ಲು ಬಿಸಿ ರೊಟ್ಟಿಯಾಗಿದ್ದ ಕಾಲವೂ ಇತ್ತು. ಅದಕ್ಕೆ ಸಾಕ್ಷಿ ಇಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಇದೆ.

ಮೊದಲು ಸ್ವಲ್ಪ ಲೆಕ್ಕ. ನಮ್ಮ ಕಾಲ ಕೆಳಗೆ ಒಂದು ಕಿಲೋಮೀಟರ್ ಇಳಿದರೆ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು 270 ಕಿಲೋ ಭಾರ. ಉಗುರಿನಷ್ಟು ಜಾಗದ ಮೇಲೆ ನೂರು ಕಿಲೋದ ಎರಡೂವರೆ ಚೀಲ ಅಕ್ಕಿಗಿಂತ ಜಾಸ್ತಿ ಅಂದುಕೊಳ್ಳಿ. ಹತ್ತು ಕಿಲೋಮೀಟರ್ ಇಳಿದರೆ ಇದರ ಹತ್ತರಷ್ಟು. ಜೊತೆಗೆ ಶಾಖ. ಸಾಮಾನ್ಯವಾಗಿ ಕಿಲೋಮೀಟರಿಗೆ 25 ಡಿಗ್ರಿಯ ಆಸುಪಾಸಿನಲ್ಲಿ ಬಿಸಿ ಏರುತ್ತದೆ. ನಮ್ಮ ಗ್ರಾನೈಟಿನಲ್ಲಿರುವ ಬೆಣಚು ಕಲ್ಲು 300 ಡಿಗ್ರಿ ದಾಟಿದ ಮೇಲೆ ಮೆತ್ತಗೆ ಹರಿಯಲು ಶುರು ಮಾಡುತ್ತದೆ. ಕರಗುವುದಿಲ್ಲ, ಗಮನಿಸಿ. ಗಟ್ಟಿಯಾಗಿದ್ದುಕೊಂಡೇ ಅದರ ಹರಳುಗಳ ಒಳಗೆ ಅಣುಗಳ ಸಾಲುಗಳು ಒಂದೊಂದಾಗಿ ಜಾರುತ್ತವೆ. ಹರಳಿನೊಳಗೆ ನೀರಿನ ಪಸೆ ಇದ್ದರೆ ಇನ್ನೂ ಸಲೀಸು. ಹಾಗಾಗಿ ಹೆಚ್ಚುಕಡಿಮೆ ಹತ್ತರಿಂದ ಹದಿನೈದು ಕಿಲೋಮೀಟರ್ ಆಳದಲ್ಲಿ ಒಂದು ಗಡಿ ಬರುತ್ತದೆ. ಅದರ ಮೇಲೆ ಬಂಡೆ ಮುರಿಯುತ್ತದೆ, ಕೆಳಗೆ ಬಾಗಿ ಹರಿಯುತ್ತದೆ.

ಇದನ್ನು ಮೊದಲು ಚೆನ್ನಾಗಿ ಮಾಡಿ ತೋರಿಸಿದವರಲ್ಲಿ ಥಿಯೊಡೋರ್ ಫಾನ್ ಕಾರ್ಮನ್ ಎಂಬ ವಿಜ್ಞಾನಿ ಒಬ್ಬರು. 1911ರಲ್ಲಿ ಅವರು ಅಮೃತಶಿಲೆಯ ಸಣ್ಣ ಕಂಬಗಳನ್ನು ಮೇಲಿಂದ ಒತ್ತಿದರು. ಸುಮ್ನೆ ಒತ್ತಿದಾಗ ಕಂಬ ಒಡೆದು ಚೂರಾಯಿತು. ಸುತ್ತಲೂ ದ್ರವ ತುಂಬಿ ಎಲ್ಲ ಕಡೆಯಿಂದ ಬಿಗಿಹಿಡಿದು ಒತ್ತಿದಾಗ ಅದೇ ಅಮೃತಶಿಲೆ ಒಡೆಯಲಿಲ್ಲ. ಪೀಪಾಯಿಯ ಹಾಗೆ ನಡು ಉಬ್ಬಿ ಕುಳ್ಳಗಾಯಿತು. ಅಲ್ಲಿ ಬಿಸಿಯೂ ಇರಲಿಲ್ಲ. ಬಿಗಿತ ಒಂದೇ ಸಾಕಾಯಿತು. ಬಿರುಕು ತೆರೆಯಬೇಕಾದರೆ ಜಾಗ ಬೇಕು. ಸುತ್ತಲಿಂದ ಅಮುಕಿ ಹಿಡಿದಾಗ ಜಾಗ ಎಲ್ಲಿದೆ?

ಇನ್ನೊಂದು ಸಂಗತಿ ವೇಗ. ರಸ್ತೆ ಬದಿ ಬಿದ್ದ ಡಾಂಬರಿನ ಡ್ರಮ್ಮು ನೆನಪು ಮಾಡಿಕೊಳ್ಳಿ. ಚಳಿಗಾಲದ ಬೆಳಿಗ್ಗೆ ಸುತ್ತಿಗೆಯಿಂದ ಹೊಡೆದರೆ ಡಾಂಬರು ಗಾಜಿನ ಹಾಗೆ ಸಿಡಿಯುತ್ತದೆ. ಅದೇ ಡ್ರಮ್ಮು ಒರಗಿ ಬಿದ್ದಿದ್ದರೆ ತಿಂಗಳು ಕಳೆಯುವಷ್ಟರಲ್ಲಿ ಬಾಯಿಂದ ಕಪ್ಪು ನಾಲಿಗೆ ಹೊರಗೆ ಇಳಿದಿರುತ್ತದೆ. ಬಳ್ಳಾರಿ ಕಡೆ ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಡಾಂಬರು ಅಲೆಯಂತೆ ಎದ್ದು ಕೂತಿರುವುದನ್ನು ನೀವೆಲ್ಲ ನೋಡಿದ್ದೀರಿ, ಅಲ್ವಾ? ಭಾರ, ಬಿಸಿಲು, ಸಮಯ. ಭೂಮಿಯ ಬಳಿ ಸಮಯಕ್ಕೆ ಬರವೇ ಇಲ್ಲ. ವರ್ಷಕ್ಕೆ ಒಂದು ಸೆಂಟಿಮೀಟರ್ ತಳ್ಳಿದರೂ ಹತ್ತು ಲಕ್ಷ ವರ್ಷಕ್ಕೆ ಹತ್ತು ಕಿಲೋಮೀಟರ್ ಆಯಿತು.

ಈಗ ಸಂಡೂರಿಗೆ ಹೋಗೋಣ.

ಸಂಡೂರಿನ ಗುಡ್ಡಗಳು ಎಂದರೆ ನಮಗೆ ಅದಿರು, ಕೆಂಪು ಧೂಳು, ಲಾರಿ. ನನಗೆ ಆ ಗುಡ್ಡಗಳ ಮೊದಲ ನೆನಪು ಬೇರೆ. ಡಿಗ್ರಿ ಓದುವಾಗ ನಮ್ಮ ಮೇಷ್ಟ್ರು ನಾರಿಹಳ್ಳದ ಕಣಿವೆಗೆ ಕರೆದುಕೊಂಡು ಹೋಗಿದ್ದರು. ನಾರಿಹಳ್ಳ ಸಣ್ಣ ಹೊಳೆ. ಆದರೆ ಅದು ಓಬಳಗಂಡಿ, ಭೀಮಗಂಡಿಗಳಲ್ಲಿ ಇಡೀ ಗುಡ್ಡದ ಸಾಲನ್ನೇ ಸೀಳಿಕೊಂಡು ಹೋಗಿದೆ. ಹೊಳೆ ಕುಯ್ದ ಗೋಡೆಯ ಎದುರು ನಮ್ಮನ್ನು ಕೂರಿಸಿ, ‘ಏನೂ ಬರೆಯಬೇಡಿ, ಮೊದಲು ಒಂದು ಗಂಟೆ ನೋಡಿ’ ಅಂದರು. ನೋಡಿದೆವು. ಕಪ್ಪು ಗೆರೆ, ಕೆಂಪು ಗೆರೆ, ಮತ್ತೆ ಕಪ್ಪು, ಮತ್ತೆ ಕೆಂಪು. ಕಪ್ಪು ಕಬ್ಬಿಣದ್ದು, ಕೆಂಪು ಸಿಲಿಕಾದ್ದು, ಅಂದರೆ ಬೆಣಚಿನ ಜಾತಿಯದು. ಇವು ಸುಮಾರು 270 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಒಂದರ ಮೇಲೊಂದು ಕೂತ ಪದರಗಳು. ಕೂರುವಾಗ ಚಾಪೆಯ ಹಾಗೆ ಅಡ್ಡ ಮಲಗಿದ್ದವು. ನಾವು ನೋಡಿದ ಗೋಡೆಯಲ್ಲಿ ಗೋಡೆಗೆ ಒರಗಿಸಿಟ್ಟ ಚಾಪೆಯಂತೆ ಎದ್ದು ನಿಂತಿದ್ದವು. ಕೆಲವು ಕಡೆ ಹಾವಿನ ಹಾಗೆ ಹಿಂದೆ ಮುಂದೆ ಸುತ್ತಿಕೊಂಡಿದ್ದವು.

ಯಾರು ಎಬ್ಬಿಸಿದರು? ಪಕ್ಕದಿಂದ ಬಂದ ಒತ್ತಡ. 1815ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಹಾಲ್ ಒಂದು ಸರಳ ಪ್ರಯೋಗದ ಬಗ್ಗೆ ಬರೆದರು. ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಭಾರ ಇಟ್ಟು, ಎರಡೂ ಬದಿಯಿಂದ ಹಲಗೆಗಳಲ್ಲಿ ಒತ್ತಿದರು. ಬಟ್ಟೆ ಅಲೆಅಲೆಯಾಗಿ ಮಡಿಕೆ ಬಿತ್ತು. ಅವರ ಕಡಲ ದಂಡೆಯ ಬಂಡೆಗಳಲ್ಲಿ ಕಂಡ ಮಡಿಕೆಗಳದೇ ಆಕಾರ. ನೀವು ಇದನ್ನು ಮನೆಯಲ್ಲಿ ಕೌದಿಯಿಂದ ಮಾಡಬಹುದು. ಹಾಸಿದ ಕೌದಿಯನ್ನು ಎರಡು ಕೈಯಿಂದ ಮಧ್ಯಕ್ಕೆ ತಳ್ಳಿ. ಎರಡು ಮೂರು ದಪ್ಪ ಅಲೆ ಏಳುತ್ತವೆ. ಅದೇ ತೆಳು ಸೀರೆಯನ್ನು ತಳ್ಳಿ. ಹತ್ತಾರು ಸಣ್ಣ ಸುಕ್ಕು ಬೀಳುತ್ತವೆ. ಬಂಡೆಯಲ್ಲೂ ಹಾಗೇ. ದಪ್ಪ, ಬಿಗಿ ಪದರ ಅಗಲ ಅಲೆ ಹೊಡೆಯುತ್ತದೆ. ತೆಳು ಪದರ ಕಿರಿದಾಗಿ ಸುಕ್ಕುಗಟ್ಟುತ್ತದೆ. ಹಾಗಾಗಿ ಸಂಡೂರಿನಲ್ಲಿ ಒಂದು ಇಡೀ ಕಣಿವೆಯೇ ಮಡಿಕೆಯ ಭಾಗವಾಗಿರುವುದನ್ನೂ ನೋಡಬಹುದು, ಅಂಗೈಯಗಲದ ಕಲ್ಲಿನಲ್ಲಿ ಅಂಥದ್ದೇ ಮಡಿಕೆಯನ್ನೂ ನೋಡಬಹುದು. ಈ ಭಾಗವನ್ನು ಮೊದಲು ಗಂಭೀರವಾಗಿ ಓದಿದವರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಒಬ್ಬರು. ಬಳ್ಳಾರಿ ಜಿಲ್ಲೆಯ ಭೂರಚನೆಯ ಬಗ್ಗೆ ಅವರ ದೊಡ್ಡ ವರದಿ 1895ರಲ್ಲಿ ಬಂತು. ಇಂಥ ಮಡಿಕೆಬಿದ್ದ ಪದರಗಳಿಗೆ ‘ಧಾರವಾಡ’ ಅನ್ನುವ ಹೆಸರು ಕೊಟ್ಟವರೂ ಅವರೇ.

ಈ ಕಲ್ಲು ನೋಡಿ. ಇದು ಅಂಥದ್ದೇ ಪಟ್ಟೆ ಕಲ್ಲು, ಅಂಗೈಯಷ್ಟಿದೆ. ಮುಂದಿನ ಸಾಲಿನವರು ಕೈಯಿಂದ ಕೈಗೆ ದಾಟಿಸಿ. ಮಡಿಕೆಯ ಬೆನ್ನ ಮೇಲೆ ಬೆರಳಾಡಿಸಿ. ಹೊರಬಾಗಿನಲ್ಲಿ ಕೆಂಪು ಪದರಕ್ಕೆ ಅಡ್ಡಲಾಗಿ ಕೂದಲೆಳೆಯಂಥ ಬಿಳಿ ಗೆರೆಗಳಿವೆ. ಬಾಗುವಾಗ ಹೊರಗಿನ ಬದಿ ಹಿಗ್ಗಬೇಕು. ಕೆಂಪು ಪದರ ಬಿಗಿ, ಅಷ್ಟು ಹಿಗ್ಗಲಾರದೆ ಸಣ್ಣಗೆ ಬಿರಿಯಿತು. ಬಿರುಕಿಗೆ ಬೆಣಚು ತುಂಬಿಕೊಂಡಿತು. ಪಕ್ಕದ ಪದರ ಮೆತ್ತಗಿತ್ತು, ಹರಿದು ಹೊಂದಿಕೊಂಡಿತು. ಬಾಗುವುದು, ಮುರಿಯುವುದು ಎರಡೂ ಒಂದೇ ಕಲ್ಲಿನಲ್ಲಿ, ಒಂದೇ ಹೊತ್ತಿಗೆ. ನಾನು ಇಷ್ಟು ವರ್ಷದಿಂದ ಈ ಕಲ್ಲನ್ನು ಇಟ್ಟುಕೊಂಡಿರುವುದು ಇದಕ್ಕೇ.

ಈಗ ಮುರಿಯುವ ಕಡೆಗೆ ಬರುತ್ತೇನೆ. ಕೈಯಲ್ಲಿ ಸೀಮೆಸುಣ್ಣ ಇದೆ. ಎರಡು ತುದಿ ಹಿಡಿದು ನೇರ ಎಳೆದರೆ ಅಡ್ಡಕ್ಕೆ ಚಟ್ ಅಂತ ಮುರಿಯುತ್ತದೆ. ಇನ್ನೊಂದನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚುತ್ತೇನೆ. ಮುರಿದ ಬಾಯಿ ನೋಡಿ, ತಿರುಪಿನ ಹಾಗೆ ಓರೆಯಾಗಿ ಸುತ್ತಿದೆ. ಓರೆ ಸುಮಾರು 45 ಡಿಗ್ರಿ. ಎರಡರಲ್ಲೂ ನಿಯಮ ಒಂದೇ. ಎಳೆತ ಯಾವ ದಿಕ್ಕಿನಲ್ಲಿ ಜೋರಾಗಿದೆಯೋ ಅದಕ್ಕೆ ಅಡ್ಡಲಾಗಿ ಬಾಯಿ ಬಿಡುತ್ತದೆ. ಹಾಗಾಗಿ ಮುರಿದ ಬಾಯಿ ನೋಡಿದರೆ ಎಳೆದವರು ಎತ್ತ ಕಡೆ ನಿಂತಿದ್ದರು ಅಂತ ಹೇಳಬಹುದು.

ಕಲ್ಲು ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ಬಡವ. ಒಳ್ಳೆ ಗ್ರಾನೈಟನ್ನು ಒತ್ತಿ ಒಡೆಯಲು ಚದರ ಸೆಂಟಿಮೀಟರಿಗೆ ಸಾವಿರಕ್ಕೂ ಹೆಚ್ಚು ಕಿಲೋ ಬೇಕು. ಎಳೆದು ಹರಿಯಲು ಅದರ ಹತ್ತನೇ ಒಂದು ಪಾಲು ಸಾಕು, ಎಷ್ಟೋ ಸಲ ಅದಕ್ಕೂ ಕಡಿಮೆ. ಹಂಪಿಯ ಮಂಟಪಗಳಲ್ಲಿ ಕಂಬಗಳು ಯಾಕೆ ಅಷ್ಟು ಹತ್ತಿರ ಹತ್ತಿರ ಇವೆ? ಶಿಲ್ಪಿಗಳಿಗೆ ಇದು ಗೊತ್ತಿತ್ತು. ಕಲ್ಲಿನ ತೊಲೆ ಭಾರ ಹೊತ್ತಾಗ ಮೇಲ್ಬದಿ ಅಮುಕುತ್ತದೆ, ಕೆಳಬದಿ ಹಿಗ್ಗುತ್ತದೆ. ಬಿರುಕು ಬಂದರೆ ಕೆಳಗಿನಿಂದಲೇ. ಮುಂದಿನ ಸಲ ಹೋದಾಗ ಬಿರುಕು ಬಿಟ್ಟ ತೊಲೆಗಳ ಕೆಳಗೆ ನಿಂತು ತಲೆಯೆತ್ತಿ ನೋಡಿ. ಕಂಬಗಳ ನಡುವೆ ಜಾಗ ಹೆಚ್ಚಾದಷ್ಟೂ ಆ ಎಳೆತ ಹೆಚ್ಚು.

ಕಲ್ಲು ಸೀಳಲು ಸಾಲಾಗಿ ಹೊಡೆದ ತೂತುಗಳನ್ನು ಹಂಪಿ, ಆನೆಗೊಂದಿ ಬಂಡೆಗಳ ಮೇಲೆ ಈಗಲೂ ನೋಡಬಹುದು. ಹರಿದ ಕಾಗದದ ಅಂಚಿನ ಹಾಗೆ ಹಲ್ಲುಹಲ್ಲಾಗಿ ಕಾಣುತ್ತವೆ. ತೂತಿಗೆ ಬೆಣೆ ಇಟ್ಟು ಸರದಿಯ ಮೇಲೆ ಹೊಡೆಯುತ್ತಾ ಹೋದರೆ ಆನೆಯಂಥ ಬಂಡೆ ಗೆರೆ ಎಳೆದ ಹಾಗೆ ಎರಡಾಗುತ್ತದೆ. ಸಣ್ಣ ಬಿರುಕಿನ ತುದಿಯಲ್ಲಿ ಎಳೆತ ಹಲವು ಪಟ್ಟು ಜಾಸ್ತಿಯಾಗುತ್ತದೆ, ಅದಕ್ಕೇ ವಸ್ತುಗಳು ಲೆಕ್ಕಕ್ಕಿಂತ ಬೇಗ ಮುರಿಯುತ್ತವೆ ಅಂತ ಗ್ರಿಫಿತ್ ಎಂಬ ಎಂಜಿನಿಯರ್ ಗಾಜಿನ ಮೇಲೆ ಪ್ರಯೋಗ ಮಾಡಿ 1921ರಲ್ಲಿ ಬರೆದರು. ನಮ್ಮ ಕಲ್ಲುಕುಟಿಗರು ಅದನ್ನೇ ಕೈಯಲ್ಲಿ ಕಲಿತಿದ್ದರು. ಇಬ್ಬರಿಗೂ ನನ್ನ ಗೌರವ ಒಂದೇ.

ನಮ್ಮ ಕೊಪ್ಪಳದ ಗುಡ್ಡಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ರಾಮನಗರದಿಂದ ಇಲ್ಲಿಯವರೆಗೆ ಉದ್ದಕ್ಕೆ ಬೆನ್ನೆಲುಬಿನ ಹಾಗೆ ಹಬ್ಬಿದ ಬಂಡೆ ಇದು. ರಾಮನಗರದ ಹಳೆಯ ಹೆಸರಿನ ಮೇಲೆ ಇದಕ್ಕೆ ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ಇದು ಹಲವು ಕಿಲೋಮೀಟರ್ ಆಳದಲ್ಲಿ ಕರಗಿದ ಸ್ಥಿತಿಯಿಂದ ತಣಿದು ಗಟ್ಟಿಯಾಯಿತು. ಆಮೇಲೆ ಕೋಟಿಗಟ್ಟಲೆ ವರ್ಷ ಮಳೆ, ಗಾಳಿ, ಹೊಳೆ ಸೇರಿ ಮೇಲಿನ ಹೊದಿಕೆಯನ್ನು ತಿಂದು ಹಾಕಿದವು. ಮೂಟೆ ಹೊತ್ತವನ ತಲೆಯಿಂದ ಮೂಟೆ ಇಳಿಸಿದರೆ ಏನಾಗುತ್ತದೆ? ಕತ್ತು ನೇರ ಆಗುತ್ತದೆ. ಬಂಡೆಯೂ ಮೇಲಕ್ಕೆ ಹಿಗ್ಗಿತು. ಹಿಗ್ಗಿದಾಗ ನೆಲಕ್ಕೆ ಸಮನಾಗಿ, ಈರುಳ್ಳಿಯ ಸಿಪ್ಪೆಯ ಹಾಗೆ ಪದರ ಪದರ ಬಿಡಿಸಿಕೊಂಡಿತು. ನೆಟ್ಟಗೆ ನಿಂತ ಬಿರುಕುಗಳು ಮೊದಲೇ ಇದ್ದವು. ಅಡ್ಡ ಬಿರುಕು, ಉದ್ದ ಬಿರುಕು ಕೂಡಿ ಗುಡ್ಡ ಇಟ್ಟಿಗೆ ಇಟ್ಟಿಗೆಯಾಯಿತು. ಬಿರುಕಿನಲ್ಲಿ ಇಳಿದ ನೀರು ಮೂಲೆಗಳನ್ನು ತಿಂದು ಇಟ್ಟಿಗೆಗಳನ್ನು ಗುಂಡಾಗಿಸಿತು. ಹಂಪಿಯ ಗುಂಡುಗಳನ್ನು ಯಾರೋ ತಂದು ಪೇರಿಸಿದ್ದಲ್ಲ. ಅವು ಅಲ್ಲೇ ಇದ್ದವು, ಸುತ್ತಲಿನ ಕಲ್ಲು ಕೊಚ್ಚಿ ಹೋಯಿತು. ಪಲ್ಕಿಗುಂಡು ನಿಮ್ಮೂರಿನದೇ. ಕೆಳಗೆ ನಿಂತ ಬಂಡೆ, ಮೇಲೆ ಪಲ್ಲಕ್ಕಿಯ ಹಾಗೆ ಕೂತ ಚಪ್ಪಟೆ ಕಲ್ಲು. ಅಶೋಕನ ಶಾಸನ ಇರುವುದರಿಂದ ಅದು ಹೆಸರಾಯಿತು. ನನಗೆ ಆ ಚಪ್ಪಟೆ ಕಲ್ಲೂ ಒಂದು ಶಾಸನವೇ. ಅಡ್ಡ ಬಿರುಕು ಎಲ್ಲಿ ಓಡಿತ್ತು ಅಂತ ಅದು ತೋರಿಸುತ್ತದೆ.

ಬಿರುಕು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನ ಇರುವ ಕಲ್ಲು ಇದೆ. ಉದ್ದ 41 ಅಡಿಗೂ ಜಾಸ್ತಿ. ಅದನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಪಕ್ಕದಲ್ಲಿ ಕೊರೆದಿದ್ದಾರೆ. ಎಲ್ಲರೂ ಎಳೆದು ತಂದದ್ದನ್ನು ನೋಡಿ ಬೆರಗಾಗುತ್ತಾರೆ. ಅಷ್ಟು ಉದ್ದಕ್ಕೆ ಒಂದೂ ಬಿರುಕು ದಾಟದ ಬಂಡೆಯನ್ನು ಹುಡುಕಿದ ಕಣ್ಣಿಗೆ ನಾನು ಬೆರಗಾಗುತ್ತೇನೆ.

ಕೆಲವು ಬಿರುಕುಗಳು ಖಾಲಿ ಉಳಿಯಲಿಲ್ಲ. ನಮ್ಮ ಗ್ರಾನೈಟಿನ ನೆಲದಲ್ಲಿ ಅಲ್ಲಲ್ಲಿ ಕಪ್ಪು ಕಲ್ಲಿನ ಉದ್ದನೆ ಸಾಲು ಕಾಣುತ್ತದೆ, ಇದ್ದಿಲು ಸುರಿದ ಬದುವಿನ ಹಾಗೆ. ನೆಲ ಹಿಗ್ಗಿ ಬಿರಿದಾಗ ಆಳದಿಂದ ಕರಗಿದ ಕಲ್ಲು ನುಗ್ಗಿ ಅಲ್ಲೇ ಹೆಪ್ಪುಗಟ್ಟಿದ್ದು ಇದು. ಡೈಕ್ ಅನ್ನುತ್ತಾರೆ. ಈ ಕಡೆಯಿಂದ ಆಂಧ್ರದವರೆಗೆ ಹಬ್ಬಿದ ಡೈಕುಗಳ ಒಂದು ದೊಡ್ಡ ಗುಂಪಿಗೆ ಸುಮಾರು 237 ಕೋಟಿ ವರ್ಷ. ಬಳ್ಳಾರಿ ಹತ್ತಿರದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಲ್ಲಿ ಇಂಥ ಒಂದು ಡೈಕ್ ಇದೆ. ನವಶಿಲಾಯುಗದ ಜನ ಅದರಿಂದ ಕೊಡಲಿ ಮಾಡಿದರು. ಅದೇ ಕಪ್ಪು ಬಂಡೆಗಳ ಮೇಲೆ ಎತ್ತು, ಮನುಷ್ಯರ ಚಿತ್ರ ಕುಟ್ಟಿದರು. ಅಲ್ಲಿ ಕೆಲವು ಬಂಡೆಗಳನ್ನು ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಒಳಗೆ ಬಿರುಕಿಲ್ಲದ, ಒತ್ತಾದ ಕಲ್ಲಾದರೆ ನಾದ ಬರುತ್ತದೆ. ಬಿರುಕಿದ್ದರೆ ಡಬ್ ಅನ್ನುತ್ತದೆ. ಅಮ್ಮ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುತ್ತಿದ್ದದ್ದೂ ಇದಕ್ಕೇ.

ರೈತರಿಗೆ ಡೈಕ್ ಮುಖ್ಯ. ನಮ್ಮ ಹೊಲದಲ್ಲಿ ಮೊದಲ ಬೋರು ಇಡೀ ಬಂಡೆಯಲ್ಲಿ ಇಳಿಯಿತು, ಬರೀ ಬಿಳಿ ಪುಡಿ ಬಂತು. ಸಾಲ ಮಾಡಿ ಹಾಕಿಸಿದ ಬೋರು. ಅಪ್ಪ ಎರಡು ದಿನ ಮಾತಾಡಲಿಲ್ಲ. ಎರಡನೆಯದನ್ನು ಕಪ್ಪು ಸಾಲಿನ ಮೇಲ್ಬದಿಯಲ್ಲಿ ಹಾಕಿಸಿದೆವು. ಕೊರೆಯುವ ಹುಡುಗ ‘ಗ್ಯಾಪ್ ಸಿಕ್ತು’ ಅಂತ ಕೂಗಿದ್ದು ಈಗಲೂ ಕಿವಿಯಲ್ಲಿದೆ. ಗ್ಯಾಪ್ ಅಂದರೆ ಬಿರುಕು. ಗ್ರಾನೈಟಿನ ಮೈಯಲ್ಲಿ ನೀರಿಲ್ಲ, ಇರುವುದೆಲ್ಲ ಬಿರುಕಿನಲ್ಲಿ. ಕಪ್ಪು ಸಾಲು ಒಡ್ಡಿನ ಹಾಗೆ ಅಡ್ಡ ನಿಂತರೆ ಅದರ ಮೇಲ್ಬದಿಯ ಬಿರುಕುಗಳಲ್ಲಿ ನೀರು ತಡೆದು ನಿಲ್ಲುವ ಸಾಧ್ಯತೆ ಜಾಸ್ತಿ. ಡೈಕಿನ ಮೈಯೇ ಬಿರಿದಿದ್ದರೆ ನೀರು ದಾಟಿ ಹೋಗುತ್ತದೆ. ಹಾಗಾಗಿ ಎಲ್ಲ ಕಡೆ ಇದೇ ಲೆಕ್ಕ ನಡೆಯದು.

ಹಟ್ಟಿಯಲ್ಲಿ ಬಿರುಕಿನಲ್ಲಿ ಸಿಕ್ಕಿದ್ದು ಚಿನ್ನ. ಅಲ್ಲಿಯ ಬಂಡೆ ಆಳದಲ್ಲಿ ಜಗ್ಗಾಟಕ್ಕೆ ಸಿಕ್ಕಿ ಉದ್ದುದ್ದ ಪಟ್ಟಿಗಳಲ್ಲಿ ಅರೆದ ಹಾಗಾಗಿದೆ. ಆ ಪಟ್ಟಿಗಳಲ್ಲಿ ಬಿಸಿನೀರು ಓಡಿತು. ಅದರಲ್ಲಿ ಸಿಲಿಕಾ, ಚೂರು ಚಿನ್ನ ಕರಗಿತ್ತು. ದಾರಿ ಮುಚ್ಚಿದ್ದಾಗ ನೀರಿನ ಒತ್ತಡ ಏರುತ್ತದೆ. ಆ ಒತ್ತಡ ಬಿರುಕಿನ ಎರಡು ತುಟಿಗಳನ್ನು ದೂರ ತಳ್ಳುತ್ತದೆ, ಬಂಡೆ ಥಟ್ಟನೆ ಜಾರುತ್ತದೆ. ಜಾರಿದ ಕೂಡಲೇ ಕುಕ್ಕರಿನ ಸೀಟಿ ಹೊಡೆದ ಹಾಗೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದ ನೀರು ಬೆಣಚನ್ನೂ ಚಿನ್ನವನ್ನೂ ಅಲ್ಲೇ ಬಿಟ್ಟುಬಿಡುತ್ತದೆ. ಬಿರುಕು ಮುಚ್ಚುತ್ತದೆ. ಮತ್ತೆ ಒತ್ತಡ ಏರುತ್ತದೆ. ಇದು ಎಷ್ಟೋ ಸಲ ಆಗಿದೆ. ಗಣಿಯವರು ರೀಫ್ ಅನ್ನುವ ಬೆಣಚಿನ ಪಟ್ಟಿಗಳಲ್ಲಿ ಎಳೆಎಳೆಯಾಗಿ ಕಾಣುವ ಗೆರೆಗಳು ಅದರ ಗುರುತು. ಹಾಗೆ ನೋಡಿದರೆ ಹಟ್ಟಿಯ ಚಿನ್ನ ಹಳೆಯ ಭೂಕಂಪಗಳ ಉಳಿಕೆ.

ಬಂಡೆ ಜಾರುವುದಕ್ಕೆ ಪಠ್ಯದಲ್ಲಿ ಸ್ತರಭಂಗ ಅನ್ನುತ್ತಾರೆ. 1905ರಲ್ಲಿ ಆಂಡರ್ಸನ್ ಎಂಬ ಭೂವಿಜ್ಞಾನಿ ಇದನ್ನು ಬಹಳ ಚೆಂದವಾಗಿ ಬಿಡಿಸಿದರು. ನೆಲದ ಮೇಲೆ ಇರುವುದು ಗಾಳಿ. ಗಾಳಿ ಬಂಡೆಯನ್ನು ಪಕ್ಕಕ್ಕೆ ಎಳೆಯಲಾರದು. ಹಾಗಾಗಿ ಮುಖ್ಯ ಒತ್ತಡಗಳಲ್ಲಿ ಒಂದು ನೆಟ್ಟಗೆ, ಉಳಿದೆರಡು ಅಡ್ಡ ಇರಲೇಬೇಕು. ನೆಟ್ಟಗಿನದು ದೊಡ್ಡದಾದರೆ ಬಂಡೆ ಕೆಳಗೆ ಜಾರುತ್ತದೆ. ಅದು ಎಲ್ಲಕ್ಕಿಂತ ಸಣ್ಣದಾದರೆ ಒಂದು ಬದಿ ಇನ್ನೊಂದರ ಮೇಲೆ ಹತ್ತುತ್ತದೆ. ನಡುವಿನದಾದರೆ ಎರಡೂ ಬದಿ ಪಕ್ಕಕ್ಕೆ ಸರಿಯುತ್ತವೆ.

ಇದೆಲ್ಲ ಹಳೇ ಕಥೆ ಅಂದುಕೊಳ್ಳಬೇಡಿ. ಭಾರತದ ನೆಲ ಈಗಲೂ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಉತ್ತರಕ್ಕೆ ಹೋಗುತ್ತಿದೆ. ಮುಂದೆ ಹಿಮಾಲಯ ಅಡ್ಡ ನಿಂತಿದೆ. ಆ ಒತ್ತಡ ನಮ್ಮ ಕಾಲ ಕೆಳಗಿನ ಬಂಡೆಯಲ್ಲೂ ಇದೆ. 1843ರ ಏಪ್ರಿಲ್‌ನಲ್ಲಿ ಬಳ್ಳಾರಿ ಭೂಕಂಪಕ್ಕೆ ನಡುಗಿತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಬಂಡೆಯ ಒಂದು ಬದಿ ಇನ್ನೊಂದರ ಮೇಲೆ ಹತ್ತಿ ಭೂಕಂಪವಾಯಿತು. ಸುಮಾರು ಹತ್ತು ಸಾವಿರ ಜನ ಹೋದರು. ಆ ಬಂಡೆಯೂ ಹಳೆಯದು, ಗಟ್ಟಿಯದು, ಅಲುಗದು ಅಂತಲೇ ಎಲ್ಲರೂ ನಂಬಿದ್ದರು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಬಹಳ ವರ್ಷ ಕಲ್ಲು ಒಡೆದವರು. ‘ಸರ, ನಾವು ಬಂಡಿ ಮ್ಯಾಲ ಕಟಗಿ ಹಾಕಿ ಬೆಂಕಿ ಹಚ್ಚಿ ಪದರ ಎಬ್ಬಿಸ್ತಿದ್ವಿ. ಒಂದ್ ಕಡೆ ಭಾಳ ಸಲೀಸ ಏಳ್ತಿತ್ತು. ಒಂದ್ ಕಡೆ ಏನ್ ಮಾಡಿದ್ರೂ ಏಳ್ತಿರಲಿಲ್ಲ. ಯಾಕ್ರಿ?’ ಅಂದರು.

ನಾನು ಹೇಳಿದೆ: ಯಜಮಾನ್ರೇ, ಬೆಂಕಿಗೆ ಮೇಲಿನ ಪದರ ಹಿಗ್ಗುತ್ತದೆ. ಪಕ್ಕಕ್ಕೆ ಜಾಗ ಇಲ್ಲ, ಸುತ್ತಲೂ ಬಂಡೆ. ಹಾಗಾಗಿ ಕೌದಿಯ ಹಾಗೆ ಮೇಲಕ್ಕೆ ಬಾಗುತ್ತದೆ, ಬಾಗುತ್ತಲೇ ಕೆಳಗಿನಿಂದ ಬಿಡಿಸಿಕೊಳ್ಳುತ್ತದೆ. ಬಂಡೆಯಲ್ಲಿ ಮೊದಲೇ ಪಕ್ಕದ ಒತ್ತಡ ತುಂಬಿದ್ದ ಕಡೆ ಅರ್ಧ ಕೆಲಸ ಭೂಮಿಯೇ ಮಾಡಿರುತ್ತದೆ, ನಿಮ್ಮ ಬೆಂಕಿ ಉಳಿದರ್ಧ ಮಾಡಿದರೆ ಸಾಕು. ಬಿರುಕು ಬಿದ್ದು ಒತ್ತಡ ಆಗಲೇ ಇಳಿದುಹೋದ ಕಡೆ ಎಷ್ಟು ಕಟ್ಟಿಗೆ ಉರಿಸಿದರೂ ಅಷ್ಟು ಸಲೀಸಾಗಿ ಏಳದು. ಗ್ರಾನೈಟ್ ಗಣಿಗಳಲ್ಲಿ ಅಳೆದು ನೋಡಿದ್ದಾರೆ. ಬಿಡಿಸಿದ ಚಪ್ಪಡಿ, ಬಂಡೆಯಲ್ಲಿ ಕೂತಿದ್ದಾಗ ಇದ್ದದ್ದಕ್ಕಿಂತ ಚೂರು ಉದ್ದ ಆಗಿರುತ್ತದೆ. ಒಳಗಿನ ಒತ್ತಡ ಬಿಟ್ಟ ಕೂಡಲೇ ಹಿಗ್ಗುತ್ತದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎರಡೂ ಅಂಗೈ ಜೋಡಿಸಿ, ಒಂದನ್ನು ಇನ್ನೊಂದರ ಮೇಲೆ ಜಾರಿಸಿ ತೋರಿಸುತ್ತಾ, ‘ಅದಕ್ಕs ನೋಡ್ರಿ, ಎಬ್ಬಿಸಿದ ಕಲ್ಲು ವಾಪಸ್ ಅದರ ಜಾಗದಾಗ ಕುಂದ್ರತಿರಲಿಲ್ಲ’ ಅಂದರು.